ನನ್ನ ಹೆಸರಿಗೆ ಬಂದ ಬೋನಸ್

ಮನೆಯಿಂದ,
ಮಾರ್ಚ್ ೬, ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮೊದಲು ಕೈಯ ವಿಷಯ ಹೇಳು. ಬೆರಳ ಸಂದಿನ ಬಿರುಕು ಮಾಯುತ್ತಿದೆಯೋ, ಇಲ್ಲ ಪಾತ್ರೆ ತೊಳೆದೂ ತೊಳೆದೂ ಮತ್ತೆ ರಕ್ತ ಬರಿಸಿಕೊಂಡಿದ್ದೀಯೋ? ಮುಲಾಮು ಹಚ್ಚಿ ಕೈಗವಸು ಹಾಕಿಕೊಂಡು ಮಲಗಬೇಕೆಂದು ಡಾಕ್ಟರು ಹೇಳಿದ್ದನ್ನು ನೀನು ಪಾಲಿಸುತ್ತಿಲ್ಲ ಎಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. ಅಣ್ಣನ ಮನೆಯಲ್ಲಿ ಎಲ್ಲರೂ ಕ್ಷೇಮವೇ? ಇನ್ನೂ ಆ ಹೊರಕೋಣೆಯ ಸೋಫಾದ ಮೇಲೆಯೇ ಮಲಗುತ್ತೀಯಾ? ವಿಚ್ಛೇದನವಾದ ಮೇಲೆ ನಿನ್ನನ್ನು ಸೊಸೆ ಎನ್ನಬಾರದಂತೆ, ನನ್ನ ಮಗ ಆಗಾಗ ತಿದ್ದುತ್ತಾನೆ. ಕೋರ್ಟು ಬಿಡಿಸಿದ್ದು ಅವನನ್ನು, ನನ್ನನ್ನಲ್ಲ. ನನಗೆ ನೀನು ಗುಬ್ಬಿಯೇ.

ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ನಲ್ಲಿ ನಿಲ್ಲಿಸಿದೆನೇ ಎಂದು ನೋಡಿ ಬಂದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಕಟ್ಟೆಯೆಲ್ಲ ರಾಡಿಯಾಗಿದೆ, ಒರೆಸಬೇಕು. ನೀನಿದ್ದಿದ್ದರೆ ನನ್ನನ್ನು ಕುರ್ಚಿಗೆ ಒತ್ತಿ ಕೂರಿಸಿ ನೀನೇ ಒರೆಸುತ್ತಿದ್ದೆ, ಬೈದುಕೊಂಡು. ಆ ಬೈಗುಳವೂ ಈಗ ಬೇಕೆನಿಸುತ್ತಿದೆ, ನೋಡು ನನ್ನ ಹಣೆಬರಹ.

ವಿಷಯಕ್ಕೆ ಬರುತ್ತೇನೆ. ಸೋಮವಾರ ನ್ಯಾಯಾಧೀಶರು ನಿನ್ನ ಜೀವನಾಂಶ ಎಷ್ಟೆಂದು ಗೊತ್ತುಮಾಡುತ್ತಾರಲ್ಲ, ಅದರ ಸುತ್ತಲೇ ಈ ಮನೆ ಗಿರಗಿರ ತಿರುಗುತ್ತಿದೆ. ಇವನು ಸಂಬಳವೊಂದನ್ನೇ ತೋರಿಸಿದ್ದಾನೆ. ಈ ವರ್ಷ ಬೋನಸ್ ಇಲ್ಲ, ಹಿಂದೆ ಬಂದದ್ದೂ ಮಾಲೀಕರು ಮನಸ್ಸು ಬಂದಾಗ ಕೊಟ್ಟದ್ದು, ಅದನ್ನು ಆದಾಯವೆಂದು ಹಿಡಿಯಬಾರದು ಎಂದು ಬರೆದುಕೊಟ್ಟಿದ್ದಾನೆ. ಅದನ್ನು ಕೇಳಿ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವನು ಮೇಸ್ತ್ರಿಯಾದಾಗಿನಿಂದ ಬೋನಸ್ ತಪ್ಪಿದ ವರ್ಷ ಯಾವುದು? ಗಿರಾಕಿ ಕೊಟ್ಟ ಮಾದರಿ ತುಂಡಿಗೂ ಇವರು ಅದ್ದಿದ ಬಟ್ಟೆಗೂ ಬಣ್ಣ ಕೂಡಬೇಕು, ಆ ಬಟ್ಟೆಯ ಒಂದು ಥಾನೂ ವಾಪಸ್ ಬರಬಾರದು, ಆಗ ಬೋನಸ್. ನಮ್ಮ ಫ್ರಿಜ್ಜು ಬಂದದ್ದು ಅದರಲ್ಲೇ, ನನ್ನ ಕಣ್ಣಿನ ಆಪರೇಷನ್ ಆದದ್ದೂ ಅದರಲ್ಲೇ.

ಬಣ್ಣ ಕೂಡಿಸಿದ್ದು ಯಾರೆಂದು ನನಗೆ ಗೊತ್ತಿಲ್ಲವೇ? ನನ್ನ ಮಗನಿಗೆ ಬೂದು, ಹಸಿರು ಎರಡೂ ಒಂದೇ. ಹೆತ್ತವಳು ನಾನೇ ಹೇಳುತ್ತಿದ್ದೇನೆ. ಇದೇ ಅಡುಗೆಮನೆಯಲ್ಲಿ ಸಣ್ಣ ಪಾತ್ರೆಗಳಲ್ಲಿ ಬಣ್ಣ ಕುದಿಸಿ, ಬರಿಗೈಯಲ್ಲಿ ಹಿಂಡಿ, ಕಿಟಕಿಯ ಸರಳಿಗೆ ತುಂಡು ಒಣಹಾಕುತ್ತಿದ್ದವಳು ನೀನು. ಸಾರು ಯಾವುದು ಬಣ್ಣ ಯಾವುದು ಎಂದು ಒಮ್ಮೆ ನಾನು ಸೌಟು ಹಾಕಿಬಿಟ್ಟಿದ್ದೆ, ನೆನಪಿದೆಯೇ? "ಬೇಗ ಹೇಳೇ, ಕೂಡ್ತೋ ಇಲ್ವೋ" ಎಂದು ಅವನು ಅವಸರ ಮಾಡಿದರೆ, "ಒಣಗಲಿ ತಡೀರಿ, ಒದ್ದೆ ಬಣ್ಣ ನಂಬಬಾರ್ದು" ಎನ್ನುತ್ತಿದ್ದೆ. ಆ ಕೈಗಳೇ ಇಂದು ಯಾವ ಕೆಲಸಕ್ಕೂ ಒಗ್ಗದೆ ಒಡೆದು ಕೂತಿವೆ. ನೀನು ಬಿಟ್ಟುಹೋದ ತುಂಡುಗಳನ್ನೂ ಅಳತೆಗಳನ್ನೂ ನೋಡಿಕೊಂಡೇ ಅವನು ಈ ವರ್ಷವನ್ನೂ ದಾಟಿಸಿದ್ದಾನೆ. ಒಂದು ಥಾನೂ ವಾಪಸ್ ಬಂದಿಲ್ಲ.

ಹಾಗಾದರೆ ಬೋನಸ್ ಎಲ್ಲಿ ಹೋಯಿತು? ನಗಬೇಡ. ನನ್ನ ಬ್ಯಾಂಕಿಗೆ ಬಂದಿದೆ. ಬೋನಸ್ ಎಂದಲ್ಲ, ನನ್ನ ಕೂಲಿ ಎಂದು! ಮಾಲೀಕರೂ ಇವನೂ ಸೇರಿ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದಾರೆ. ಬಟ್ಟೆಯ ಮಾದರಿ ತುಂಡುಗಳನ್ನು ಮನೆಯಲ್ಲೇ ಕತ್ತರಿಸಿಕೊಡುವವಳಂತೆ ನಾನು. ಕನ್ನಡಕವಿಲ್ಲದೆ ನನ್ನ ಉಗುರನ್ನೇ ಕತ್ತರಿಸಿಕೊಳ್ಳಲಾರದವಳು! ನೋಡಿದವರಿಗೆ ನಿಜವೆನಿಸಲಿ ಎಂದು ಒಂದು ದೊಡ್ಡ ಕತ್ತರಿಯನ್ನೂ ಕಳಿಸಿದ್ದಾರೆ. ಅದು ಹೊಸ ಕವರಿನಲ್ಲೇ ಮೇಜಿನ ಮೇಲೆ ಬಿದ್ದಿದೆ, ಹೋಗುತ್ತಾ ಬರುತ್ತಾ ನನ್ನನ್ನು ನೋಡುತ್ತದೆ. "ಸ್ವಲ್ಪ ದಿನ ಅಷ್ಟೇ ಅಮ್ಮಾ, ಕೋರ್ಟ್ ಆರ್ಡರ್ ಆಗ್ಲಿ, ಆಮೇಲೆ ನಂಗೆ ಕೊಡು" ಎಂದಿದ್ದಾನೆ.

ಅಷ್ಟಕ್ಕೇ ನಿಂತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಸೋಮವಾರ ನನ್ನನ್ನೂ ಕೋರ್ಟಿಗೆ ಕರೆದೊಯ್ಯುತ್ತಾನಂತೆ. ನನಗೆ ಬಿಡಿಗಾಸಿನ ಸಂಪಾದನೆ ಇಲ್ಲ, ಮಗನನ್ನೇ ನಂಬಿದ್ದೇನೆ, ಅವನ ಸಂಬಳ ನಮ್ಮಿಬ್ಬರಿಗೇ ಸಾಲದು ಎಂದು ನಾನು ಹೇಳಬೇಕಂತೆ. ಅಲ್ಲ, ಒಂದು ಕಡೆ ಕೂಲಿಯವಳು, ಇನ್ನೊಂದು ಕಡೆ ಗತಿಯಿಲ್ಲದವಳು! ಎರಡನ್ನೂ ಅವನೇ ಹೊಸೆದದ್ದು, ಎರಡೂ ಒಂದಕ್ಕೊಂದು ಕೂಡುವುದಿಲ್ಲ ಎಂದು ಮಾತ್ರ ಹೊಳೆದಿಲ್ಲ. ಕೂಡಿಸುವುದು ಯಾವತ್ತೂ ಅವನ ಕೆಲಸವಾಗಿರಲಿಲ್ಲವಲ್ಲ.

ಅವನ ಮೇಲೆ ನನಗೆ ಪ್ರೀತಿಯಿಲ್ಲ ಅಂದುಕೊಳ್ಳಬೇಡ. ನೀನು ಹೋದ ಮೇಲೆ ಸೊರಗಿದ್ದಾನೆ, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾನೆ. ನನ್ನ ಮಾತ್ರೆ ಒಂದು ದಿನವೂ ಮರೆಯುವುದಿಲ್ಲ. ಸೋಮವಾರ ನಾನು ಬಾಯಿಬಿಟ್ಟರೆ ಅವನೆದುರು ಹೇಗೆ ಓಡಾಡಲಿ? ಇದೇ ಮನೆ, ಇದೇ ಎರಡು ಕೋಣೆ. ಅದನ್ನು ನೆನೆದರೆ ಬಾಯಿ ಮುಚ್ಚಿಕೊಂಡಿರೋಣ ಎನಿಸುತ್ತದೆ. ನಿನ್ನ ಕೈ ನೆನೆದರೆ ಎಲ್ಲ ಹೇಳಿಬಿಡೋಣ ಎನಿಸುತ್ತದೆ. ಹೀಗೆ ಬೆಳಗಿನಿಂದ ಒಲೆಗೂ ಬಾಗಿಲಿಗೂ ಅಲೆಯುತ್ತಿದ್ದೇನೆ.

ಹಾಲು ಇನ್ನೂ ಒರೆಸಿಲ್ಲ, ಏಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಣ್ಣ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ನಿನಗೆ ನಿನ್ನದೇ ಒಂದು ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು, ಬೇಗ ಸಿಗಲಿ ಎಂದು ಹರಸುತ್ತೇನೆ.

ಎಂದಿಗೂ ನಿನ್ನ,
ಅತ್ತೆ

ಮರೆತೆ: ಅವನು ಬರುವ ಹೊತ್ತಾಯಿತು, ಗೇಟಿನ ಸದ್ದಾದಂತಿದೆ. ಸೋಮವಾರ ನಿನ್ನ ವಕೀಲಮ್ಮನಿಗೆ ಹೇಳಿ ನನ್ನನ್ನು ಒಂದೇ ಒಂದು ಮಾತು ಕೇಳಿಸು: "ನೀವು ಏನು ಕೆಲಸ ಮಾಡ್ತೀರಮ್ಮಾ?" ಕೇಳಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕತ್ತರಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತೇನೆ. ಆದರೆ ನಾನಾಗಿ ಬಾಯಿಬಿಡುವ ಧೈರ್ಯ ನನಗಿಲ್ಲ, ನನ್ನ ಗುಣ ನನಗೆ ಗೊತ್ತು. ಕೇಳದಿದ್ದರೆ ಮಗನ ಪಕ್ಕದಲ್ಲಿ ತಲೆ ತಗ್ಗಿಸಿ ಅವನು ಹೇಳಿಕೊಟ್ಟದ್ದನ್ನೇ ಹೇಳಿ ಬಂದುಬಿಡುತ್ತೇನೆ. ಕೇಳಿಸು ಗುಬ್ಬೀ, ಮರೆಯದೆ ಕೇಳಿಸು.