ಅಪ್ಪನ ಪಂಚೆಯ ಮೇಲೆ ಕಪ್ಪು ಅಚ್ಚು

ಕೆಂಟನ್
೯ ನವೆಂಬರ್ ೨೦೨೫, ಭಾನುವಾರ

ಮುದ್ದು ಶರಣ್ಯಾ,

ಫೋನಿನಲ್ಲಿ ಹೇಳೋಣವೆಂದರೆ ನೀನು ಕ್ರೋಯ್ಡನ್ನಿನ ಟ್ರಾಮಿನಲ್ಲಿರುತ್ತೀಯೆ, ಇಲ್ಲವೆ ಮೀಟಿಂಗಿನಲ್ಲಿ. ಅದಕ್ಕೇ ಈ ಕಾಗದ. ಅಳುತ್ತಿದ್ದ ನಿನ್ನನ್ನು ಶನಿವಾರದ ಕನ್ನಡ ಕ್ಲಾಸಿಗೆ ಎಳೆದೊಯ್ದದ್ದು ಇವತ್ತು ಉಪಯೋಗಕ್ಕೆ ಬಂತು. ನಿಧಾನವಾಗಿ ಓದು, ಆದರೆ ಪೂರ್ತಿ ಓದು.

ಬರುವ ಗುರುವಾರ ವಕೀಲರಲ್ಲಿಗೆ ಹೋಗಿ ಡಿವೋರ್ಸ್ ಕಾಗದಗಳಿಗೆ ಸಹಿ ಹಾಕುತ್ತೇನೆ ಅಂದೆಯಲ್ಲ, ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಸ್ವಲ್ಪ ತಡಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಕ್ವಾಬೆನಾನನ್ನು ನೀನು ಮೊದಲ ಸಲ ಮನೆಗೆ ಕರೆತಂದಾಗ ನಾನು ಮೂತಿ ತಿರುಗಿಸಿದ್ದೆ. ಘಾನಾ ಕಡೆಯ ಹುಡುಗ, ಅದೂ ಕಲಾವಿದ. ಡಾಕ್ಟರ ಮಗಳಿಗೆ ಬೇರೆ ಯಾರೂ ಸಿಗಲಿಲ್ಲವೆ ಎಂದು ನಿನ್ನ ಅಪ್ಪನ ತಲೆ ತಿಂದೆ. ಅವರೋ ಮೊದಲ ದಿನವೇ ಅವನ ಪಕ್ಷ ಸೇರಿಬಿಟ್ಟರು. ಮಂಗಳವಾರ ಹುಟ್ಟಿದ್ದಕ್ಕೆ ಆ ಹೆಸರು ಎಂದು ತಿಳಿದ ಮೇಲೆ ‘ಏನಯ್ಯಾ ಮಂಗಳವಾರ’ ಎಂದೇ ಕರೆಯುತ್ತಿದ್ದರು. ಅವನು ‘ಬಂದೆ ಅಪ್ಪಾ’ ಅನ್ನುವುದನ್ನು ಕಲಿತುಕೊಂಡ.

ಅವರು ಹೋಗಿ ವರ್ಷವಾದಾಗ ಅವನು ಅವರ ಪೂಜೆಯ ಪಂಚೆಗೆ ಅಚ್ಚು ಹಾಕಿದ. ಅವನ ಕಡೆ ಸತ್ತ ಹಿರಿಯರಿಗಾಗಿ ಹಾಗೆ ಮಾಡುತ್ತಾರೆ. ಸೋರೆ ಬುರುಡೆಯ ತುಂಡಿನಲ್ಲಿ ಗುರುತು ಕೆತ್ತಿ, ತೊಗಟೆ ಕುದಿಸಿದ ಕಪ್ಪಿನಲ್ಲಿ ಅದ್ದಿ, ಬಟ್ಟೆಯ ಮೇಲೆ ಸಾಲುಸಾಲಾಗಿ ಒತ್ತುತ್ತಾರೆ. ಅವನ ತಾತನ ಕಸುಬು ಅದು. ಲಂಡನ್ನಿನಲ್ಲಿ ಬಸ್ ಓಡಿಸಿದ ಅವನ ತಂದೆ ಅದನ್ನು ಮುಟ್ಟಲಿಲ್ಲ. ಇವನು ಮೂವತ್ತು ದಾಟಿದ ಮೇಲೆ ಕುಮಾಸಿಗೆ ಹೋಗಿ ಕಲಿತು ಬಂದ. ಆಫ್ರಿಕನ್ ಪ್ರದರ್ಶನದಲ್ಲಿ ಇಂಡಿಯನ್ ಪಂಚೆ ಯಾಕೆ ಎಂದು ಗ್ಯಾಲರಿಯವರು ಕೇಳಿದರಂತೆ. ಬಟ್ಟೆ ಮಾವನದು, ಅಚ್ಚು ತಾತನದು, ಎರಡೂ ನನ್ನ ಮನೆಯದೇ ಅಂದನಂತೆ.

ಸ್ಟ್ರಾಟ್‌ಫರ್ಡಿನಲ್ಲಿ ಆ ಪ್ರದರ್ಶನದ ಉದ್ಘಾಟನೆಯ ದಿನ ನಾನು ಮಾಡಿದ್ದು ನಿನ್ನ ಕಣ್ಣೆದುರಿಗೇ ಆಯಿತು. ಜೊತೆಗೆ ಬಂದಿದ್ದ ನನ್ನ ಗೆಳತಿ ಇಂದು ಗೋಡೆ ನೋಡಿ, ‘ವೇದಾ, ಇದು ಡಾಕ್ಟ್ರ ಪಂಚೆ ಅಲ್ವೇನೇ? ಹೋದೋರ ಬಟ್ಟೆ ಹಿಂಗೆ ನೇತಾಕ್ತಾರಾ?’ ಅಂದಳು. ಸುತ್ತ ನಮ್ಮ ಕನ್ನಡದವರೇ ಆರೇಳು ಜನ. ನನಗೆ ಗೊತ್ತೇ ಇಲ್ಲ, ಕೇಳದೆ ತೆಗೆದುಕೊಂಡು ಹೋಗಿದ್ದಾನೆ, ಈಗಲೇ ಇಳಿಸಲಿ ಎಂದು ಕೂಗಾಡಿದೆ. ಅವನೇ ಏಣಿ ತಂದು ಇಳಿಸಿದ. ಮಡಿಸಿ ನನ್ನ ಕೈಗಿಟ್ಟು ‘ಸಾರಿ ಅಮ್ಮ’ ಅಂದ. ಪ್ರದರ್ಶನ ಮುಗಿಯುವವರೆಗೂ ಆ ನಡುಗೋಡೆ ಖಾಲಿ ಇತ್ತಂತೆ.

ಯಾಕೆ ಕದ್ದೆ ಎಂದು ನೀನು ಮೂರು ತಿಂಗಳು ಕೇಳಿದೆ, ಅವನು ಬಾಯಿ ಬಿಡಲಿಲ್ಲ. ಅಪ್ಪನದನ್ನು ಕದ್ದು ಕಲ್ಲಿನ ಹಾಗೆ ಕೂರುವವನ ಜೊತೆ ಬಾಳಲಾರೆ ಎಂದು ಬೇರೆ ಫ್ಲ್ಯಾಟ್ ಹಿಡಿದೆ.

ಅವತ್ತು ನನ್ನ ತಲೆ ಕೆಟ್ಟಿತ್ತು ಎಂದುಕೋ. ಗಂಡನನ್ನು ಕಳೆದುಕೊಂಡವಳ ಸಂಕಟ ಎಂದುಕೋ. ನೀನು ಏನೆಂದುಕೊಂಡರೂ ಸರಿ, ಗುರುವಾರ ಸಹಿ ಮಾತ್ರ ಹಾಕಬೇಡ ಕಂದಾ.

ನಿನ್ನ ಅಮ್ಮ,
ವೇದವತಿ

ತಾ. ಕ.: ಕವರ್ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇಷ್ಟುದ್ದ ಬರೆದು, ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ಅವನು ಕದಿಯಲಿಲ್ಲ. ಹದಿಮೂರನೆಯ ದಿನದ ಹೊತ್ತಿಗೆ ನಿಮ್ಮಪ್ಪನ ಬಟ್ಟೆಯನ್ನೆಲ್ಲ ದಾನ ಕೊಟ್ಟೆ ಎಂದು ಊರಿಗೆಲ್ಲ ಹೇಳಿ, ಅದೊಂದನ್ನು ನನ್ನ ಸೀರೆಗಳ ಕೆಳಗೆ ಬಚ್ಚಿಟ್ಟುಕೊಂಡಿದ್ದೆ. ಕ್ವಾಬೆನಾ ಮನೆಗೆ ಬಂದು, ಅಚ್ಚು ಹಾಕಿ ಪ್ರದರ್ಶನಕ್ಕಿಡಲು ಅಪ್ಪನದು ಏನಾದರೂ ಉಳಿದಿದೆಯೇ ಎಂದು ಕೇಳಿದಾಗ ನಾನೇ ತೆಗೆದು ಕೊಟ್ಟೆ. ಇನ್ನೊಮ್ಮೆ ಯೋಚನೆ ಮಾಡಿ ಎಂದು ಅವನು ಅಲ್ಲೇ ಬಿಟ್ಟು ಹೋದ. ಮರುವಾರ ಇಸ್ತ್ರಿ ಮಾಡಿ ಸ್ಟ್ರಾಟ್‌ಫರ್ಡಿಗೆ ಒಯ್ದು ಕೊಟ್ಟವಳೂ ನಾನೇ. ನಾಲ್ಕು ಜನರೆದುರು ನನ್ನ ಸುಳ್ಳು ಬಯಲಾಗುತ್ತದೆಂದು ಅವನನ್ನು ಕಳ್ಳನನ್ನಾಗಿ ಮಾಡಿದೆ. ಅವನ ‘ಸಾರಿ’ಯನ್ನು ನೀನು ತಪ್ಪೊಪ್ಪಿಗೆ ಎಂದುಕೊಂಡೆ, ನಾನು ಹಾಗೆಯೇ ಇರಲಿ ಎಂದು ಬಿಟ್ಟೆ. ನಿನಗೆ ನಾನಾಗಿ ಹೇಳಲಿ ಎಂದು ಅವನು ಕಾಯುತ್ತಿದ್ದಾನೆ ಎನ್ನುವುದು ಎಂಟು ತಿಂಗಳಿಂದಲೂ ನನಗೆ ಗೊತ್ತಿತ್ತು.