ಒಂದೇ ಕೂಗಿಗೆ

ಬಂಡಳ್ಳಿ, ೨೬-೯-೧೯೬೦, ಸಂಜೆ

ಕ್ಷಮೆ ಇರಲಿ — ಯಾರ ಕ್ಷಮೆಯೋ ಗೊತ್ತಿಲ್ಲ. ಎಂಟನೇ ವಯಸ್ಸಿನಿಂದ ಕೊಯಮತ್ತೂರಿನ ಹಾಸ್ಟೆಲ್. ನನ್ನ ಕನ್ನಡಕ್ಕೆ ಡೈರಿ ಬರೆಯುವ ಯೋಗ್ಯತೆ ಇಲ್ಲ. ಇಂಗ್ಲಿಷಿನಲ್ಲಿ ಬರೆದರೆ ಕಾಂಪೊಸಿಷನ್ ಆಗಿಬಿಡುತ್ತದೆ. ಮೈಸೂರಿನಲ್ಲಿ ಫಸ್ಟ್ ಇಯರ್ ಸೇರಿದಾಗಿನಿಂದ ನಿದ್ದೆ ಸರಿಯಿಲ್ಲ. ಬರೆದರೆ ಎದೆಬಡಿತ ಸ್ವಲ್ಪ ತಗ್ಗುತ್ತದೆ, ಅಷ್ಟೆ.

ಇವತ್ತೂ ಹೋಂವರ್ಕು. ರಜೆಗೆ ಮಾವನ ಮನೆಗೆ ಬಂದವಳಿಗೆ ಇದೇ ಕೆಲಸ. ಮಾವನ ಮಗ ಜಡೇಸ್ವಾಮಿ ಲೆಕ್ಕ ಮಾಡಿದ — ಅಂದರೆ ನಾನು ಮಾಡಿದೆ, ಅವನು ಬಳಪ ಹಿಡಿದಿದ್ದ. ಅವನ ತಂಗಿ ಪುಟ್ಟಬಸಿಗೆ ಮಗ್ಗಿ ಪೂರ್ತಿ ಬರುತ್ತದೆ. ಆದರೆ ತುಟಿ ಮಾತ್ರ ಆಡುತ್ತದೆ, ದನಿ ಇಲ್ಲ.

"ಇಸ್ಕೂಲಲ್ಲೂ ಅಂಗೇ ಕಣವ್ವ," ಎಂದರು ವೀರಮ್ಮತ್ತೆ. "ಎಸ್ರು ಕೂಗುದ್ರೂ ಓ ಅನ್ನಾಕಿಲ್ಲ. ಇಂಗೇ ಆದ್ರೆ ಅದೇ ಕಲಾಸಲ್ಲಿ ಕೂರುಸ್ತೀನಿ ಅಂದವ್ರೆ ಮೇಷ್ಟ್ರು. ನೀನಾದ್ರೂ ಬಾಯ್ ಬುಡ್ಸವ್ವ."

೨೭-೯

ಐಡಿಯಾ ಹೊಳೆಯಿತು. ಹಾಸ್ಟೆಲಿನ ಅಟೆಂಡೆನ್ಸ್! ಸ್ಟಡಿ ಟೈಮಿಗೆ ಮುಂಚೆ ಮೇಟ್ರನ್ ಒಂದೇ ಸಲ ಹೆಸರು ಕರೆಯುತ್ತಿದ್ದರು. ತಡವಾದರೆ ಆಬ್ಸೆಂಟ್, ಊಟದ ತನಕ ವರಾಂಡದಲ್ಲಿ ನಿಲ್ಲಬೇಕು. ಈಗಲೂ ಯಾರಾದರೂ ನನ್ನ ಹೆಸರೆತ್ತಿದರೆ ಎದ್ದು ನಿಲ್ಲುತ್ತೇನೆ.

ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಕರೆದೆ. "ಪ್ರೆಜೆಂಟ್ ಮಿಸ್!" — ಜಡೇಸ್ವಾಮಿ ಹೆಂಚು ಹಾರುವಂತೆ ಕಿರುಚಿದ. ಪುಟ್ಟಬಸಿ ಸುಮ್ಮನೆ. ಆಬ್ಸೆಂಟ್ ಹಾಕಿದೆ, ಅವಳ ಸ್ಲೇಟಿನ ಮೇಲೆ ದೊಡ್ಡ ಸೊನ್ನೆ. ಬಹಳ ಹೊತ್ತು ಅತ್ತಳು.

೨೮-೯

ಓಗೊಟ್ಟಳು! ಹೆಸರು ಮುಗಿಯುವುದರೊಳಗೆ. ದನಿ ಚೆನ್ನಾಗಿದೆ, ತೆಳ್ಳಗೆ.

ಅತ್ತೆಗೆ ಖುಷಿಯಿಲ್ಲ. "ದೀಪ ಅಚ್ಚೋ ಒತ್ನಲ್ಲಿ ಒಂದೇ ಕೂಗ್ಗೆ ಓಗೊಡಬಾರ್ದು ಕಣವ್ವ. ಮೂರ್ ಸತಿ ಕೂಗುದ್ರೆ ಮನ್ಸ. ಅದು ಕೂಗಾದು ಒಂದು, ಇಲ್ಲಾ ಎರಡು. ಮೂರ್ನೇದು ಅದ್ಕೆ ಬರಾಕಿಲ್ಲ."

"ಯಾವುದಕ್ಕೆ ಅತ್ತೆ?"

"ಅದ್ಕೆ."

ಮಾವ ಎಲೆಅಡಿಕೆ ಉಗಿದು ನಕ್ಕರು. "ದೆವ್ವಕ್ಕೂ ಮಗ್ಗಿ ಬರಾಕಿಲ್ಲ ಅನ್ನು! ಎರಡಕ್ಕೇ ನಿಂತೋಯ್ತದೆ." ನಾನೂ ನಕ್ಕೆ. ಪಾಪ, ಸ್ಕೂಲಿನಲ್ಲೂ ಮೂರನೆಯ ಕೂಗಿಗೆ ಕಾಯುತ್ತಿದ್ದಳೋ ಏನೋ.

೧-೧೦

ಲಾಗ್ ಟೇಬಲ್ಸ್ ತರಲು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬರುವಾಗ ಹನೂರಿನ ಹತ್ತಿರ ಬಸ್ಸು ಕೆಟ್ಟಿತು. ಮನೆ ಸೇರಿದಾಗ ದೀಪ ಹಚ್ಚಿಯಾಗಿತ್ತು. ಮಕ್ಕಳಿಬ್ಬರೂ ಸ್ಲೇಟು ತುಂಬ ಬರೆದು ಕೂತಿದ್ದರು.

"ಶುರು ಮಾಡಿ ಅಂತ ಯಾರು ಹೇಳಿದರು?"

"ನೀವೇ ಅಟೆಂಡೆನ್ಸ್ ತಕಂಡ್ರಲ್ಲ ಮಿಸ್," ಎಂದ ಜಡೇಸ್ವಾಮಿ. "ಬಾವಿ ತಾವಿಂದ."

ತಮಾಷೆ ಎಂದುಕೊಂಡೆ. ಅತ್ತೆಯ ಮುಖ ನೋಡಿದೆ.

"ನಾನೂ ಕೇಳ್ದೆ ಕಣವ್ವ. ನಿನ್ ದನೀನೇ. ಬಸ್ಸು ಬೇಗ ಬಂದದೆ ಅನ್ಕಂಡೆ."

"ಎಷ್ಟು ಸಲ ಕರೆದೆ?"

"ಒಂದೇ ಸತಿ," ಎಂದಳು ಪುಟ್ಟಬಸಿ. "ನೀವ್ ಒಂದೇ ಸತಿ ತಾನೇ ಕೂಗಾದು?"

೩-೧೦

ಅಟೆಂಡೆನ್ಸ್ ನಿಲ್ಲಿಸಿದೆ. ನಾನೇ ಆಗಲಿ, ಮೂರು ಸಲ ಕರೆಯುವವರೆಗೆ ಬಾಯಿ ಬಿಡಬೇಡಿ ಎಂದೆ. ಜಡೇಸ್ವಾಮಿ ತಲೆಯಾಡಿಸಿದ.

"ಆಬ್ಸೆಂಟ್ ಆಕ್ಬುಟ್ರೆ?" ಪುಟ್ಟಬಸಿ ಕೇಳಿದಳು.

"ಹಾಕುವುದಿಲ್ಲ, ಪ್ರಾಮಿಸ್."

"ನೀವ್ ಆಕಲ್ಲ..." ಎಂದಳು. ಬಾವಿಯ ಕಡೆಯ ಹಿತ್ತಿಲ ಬಾಗಿಲು ನೋಡುತ್ತಿದ್ದಳು.

೪-೧೦

ಮಗ್ಗಿ ಒಪ್ಪಿಸುತ್ತಿದ್ದ ಪುಟ್ಟಬಸಿ ನಡುವೆ ನಿಲ್ಲಿಸಿ ಎದ್ದು ನಿಂತಳು. "ಪ್ರೆಜೆಂಟ್ ಮಿಸ್."

ನಾನು ಎದುರಿಗೇ ಕೂತಿದ್ದೆ. ಬಾಯಿ ತೆರೆದಿರಲಿಲ್ಲ. ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ನನಗೆ ಏನೂ ಕೇಳಿಸಲಿಲ್ಲ. ಹಾಗೆಂದು ಬರೆದಿಡುತ್ತೇನೆ. ಕೇಳಿಸಲಿಲ್ಲ.

೭-೧೦, ಮುಸ್ಸಂಜೆ

ಪುಟ್ಟಬಸಿ ಇಲ್ಲ.

ಅತ್ತೆ ಒಳಗೆ ದೀಪ ಹಚ್ಚುತ್ತಿದ್ದರು. ನಾನು ಜಡೇಸ್ವಾಮಿಯ ಸ್ಲೇಟು ತಿದ್ದುತ್ತಿದ್ದೆ. ಹಿತ್ತಿಲ ಕಡೆಯಿಂದ ಆ ತೆಳ್ಳನೆಯ ದನಿ — "ಪ್ರೆಜೆಂಟ್ ಮಿಸ್." ತಿರುಗಿದರೆ ಬಾಗಿಲು ತೆರೆದಿದೆ. ಅವಳ ಸ್ಲೇಟು ಚಾಪೆಯ ಮೇಲೆ, ಎಲ್ಲ ಬರೆದು ಮುಗಿಸಿದ್ದಾಳೆ.

ಮಾವನೂ ಆಳುಗಳೂ ಲಾಂದ್ರ ಹಿಡಿದು ರಾಗಿ ಹೊಲಕ್ಕೆ ಹೋದರು. ಈಗ ಬಾವಿಯ ಹತ್ತಿರ ಇದ್ದಾರೆ. ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ಇಳಿಸುತ್ತಿದ್ದಾರೆ. ಸರಪಳಿಯ ಸದ್ದು...

ಅತ್ತೆ ನನ್ನನ್ನು ಜಗಲಿಯಿಂದ ಏಳಲು ಬಿಡಲಿಲ್ಲ. "ದಿನಾ ಕೂಗ್ತಿದ್ದ ಜಾಗದಲ್ಲೇ ಕೂತ್ಕಂಡು ಕೂಗು. ಮೂರ್ ಸತಿ. ನಿನ್ ದನೀಗೇ ಓಗಿರಾದು, ನಿನ್ ದನೀಗೇ ಬರ್ಬೇಕು."

ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಸುಮ್ಮನೆ ಕಾಯಬೇಕಂತೆ. ಸುಮ್ಮನೆ ಕೂರಲಾರೆ. ಬರೆಯುತ್ತಿದ್ದೇನೆ.

ಒಂದು ಸಲ ಕರೆದೆ. ತೆರೆದ ಹಿತ್ತಿಲ ಬಾಗಿಲಿನಾಚೆ, ಬಾವಿಯ ಹತ್ತಿರ ಲಾಂದ್ರಗಳು ಅಲ್ಲಾಡದೆ ನಿಂತವು.

ಎರಡನೆಯ ಸಲ ಕರೆದೆ. ಸರಪಳಿಯೂ ನಿಂತಿತು.

ಮೂರನೆಯದಕ್ಕೆ ಬಾಯಿ ತೆರೆದೆ. ದನಿ ಬರುತ್ತಿಲ್ಲ. ಮತ್ತೆ ತೆರೆದೆ. ತುಟಿ ಮಾತ್ರ ಆಡುತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಾರೆ... ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದಾರೆ, ಜಡೇಸ್ವಾಮಿಯನ್ನು ಅವಚಿಕೊಂಡು.

ಬರೆದೇ ಕರೆಯುತ್ತೇನೆ. ಪುಟ್ಟಬಸೀ. ಆಬ್ಸೆಂಟ್ ಹಾಕುವುದಿಲ್ಲ. ಬೇಗ ಓಗೊಡು