ಬಾಯವ್ವನ ಹೊಲದ ನಾಲ್ಕು ಮೊಟ್ಟೆ

ಮಾರ್ಚ್ 16, ಭಾನುವಾರ
ಆರೂಕಾಲಿಗೆ ಸವದತ್ತಿ ಬಸ್‌ಸ್ಟ್ಯಾಂಡ್. ಹನ್ನೊಂದು ಜನ, ಬೈನಾಕ್ಯುಲರ್ ನಾಲ್ಕೇ. ಜನರಿಗೆ ಹಕ್ಕಿ ತೋರಿಸುವ ಈ ಕೆಲಸ ಯಾರೂ ಹೇಳಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಹಿನ್ನೀರಿನ ದಂಡೆಯಲ್ಲಿ ಮೂರು ತಾಸು ನಡೆಸಿದೆ. ಬೆಳ್ಳಕ್ಕಿ, ಬೆಳ್ಳಕ್ಕಿ, ಮತ್ತೆ ಬೆಳ್ಳಕ್ಕಿ. ಬೈಲಹೊಂಗಲದ ಸಂದೀಪ ಮಾರುದ್ದ ಲೆನ್ಸ್ ಹೊತ್ತು ಬಂದಿದ್ದ. ಇದನ್ನು ನಮ್ಮೂರ ಕೆರೆಯಲ್ಲೇ ನೋಡುತ್ತಿದ್ದೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ — ಹೊಟ್ಟೆ ಉರಿಯಿತು.

ಮಾರ್ಚ್ 19
ಶಾಲೆಯಲ್ಲಿ ಪಾಠ ಮುಗಿಸಿ ಒಬ್ಬಳೇ ಹೋದೆ. ದಂಡೆಯ ಹೊಲದ ಬಾಯವ್ವ ಕರೆದು ತೋರಿಸಿದಳು — ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ, ಬರೀ ನೆಲದ ಮೇಲೆ, ಮಣ್ಣಿನ ಹೆಂಟೆಯದೇ ಬಣ್ಣ. ಹೊಲ ಹರಗುವಾಗ ಮೊಟ್ಟೆ ಕಂಡಲ್ಲಿ ಕುಂಟೆ ಎತ್ತಿ ದಾಟಿಸುವುದು ಅವಳ ಅತ್ತೆಯ ಕಾಲದ ರೂಢಿಯಂತೆ. ಅಷ್ಟು ಜಾಗ ಹಾಗೇ ಬಿಟ್ಟಿದ್ದಾಳೆ.
"ನೀವ್ ಒಬ್ರ ನೋಡ್ರಿ ಅಕ್ಕಾರ. ಮಂದಿ ಕರಕೊಂಡ ಬರಬ್ಯಾಡ್ರಿ."
ಆಣೆ ಮಾಡಿದೆ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ
ಗುಂಪನ್ನು ಕರೆದುಕೊಂಡು ಹೋದೆ. ಬಾಯವ್ವ ಹೊಲದಲ್ಲಿರಲಿಲ್ಲ. ಸಂದೀಪನಿಗೆ ತೋರಿಸಬೇಕಿತ್ತು, ಅಷ್ಟೇ. ಹಕ್ಕಿ ನಮ್ಮ ತಲೆ ಮೇಲೆ ಸುತ್ತಿ ಸುತ್ತಿ ಕಿರುಚುತ್ತಿತ್ತು. ನನಗೆ ಹುರುಪು. ಗುಂಪಿನ ಕಡೆ ಮುಖ ಮಾಡಿ, ಹಿಂದೆ ಹಿಂದೆ ನಡೆಯುತ್ತ, ಭಾಷಣ — ಮೊಟ್ಟೆ ಎಷ್ಟು ಸೂಕ್ಷ್ಮ, ಕಾಲಿಡುವ ಮುಂಚೆ ಹೇಗೆ ನೋಡಬೇಕು…
ಚಪ್ಪಲಿಯಡಿ ಚಟ್ ಎಂದಿತು.
ಕಾಲೆತ್ತಲಿಲ್ಲ. ಮೊಟ್ಟೆ ಸಿಗುತ್ತಿಲ್ಲ, ಮುಂದೆ ನಡೆಯಿರಿ ಎಂದೆ. ನಡೆದರು. ಮೇಡಂ, ಇವತ್ತು ಛಲೋ ಮಾತಾಡಿದಿರಿ ಎಂದ ಸಂದೀಪ. ಲೋಳೆಯನ್ನು ಹುಲ್ಲಿಗೆ ಒರೆಸಿದೆ. ನಾಲ್ಕೂ ಹೋಗಿದ್ದವು. ಥೂ.

ಮಾರ್ಚ್ 24
ಬಾಯವ್ವ ಶಾಲೆಯ ಗೇಟಿಗೇ ಬಂದಳು. ಸೆರಗಿನಲ್ಲಿ ಒಡೆದ ಸಿಪ್ಪೆ. ಯಾರ ಕೆಲಸ ಇದು ಎಂದು ಕೇಳಿದಳು. ನಾಯಿ ಇರಬೇಕು ಎಂದುಬಿಟ್ಟೆ. ಅವಳ ಮನೆಯಲ್ಲೇ ಒಂದು ನಾಯಿ ಇರುವುದು ಆಗ ನೆನಪಾಗಲಿಲ್ಲ.
ಸುಳ್ಳು. ನೆನಪಿತ್ತು.

ಏಪ್ರಿಲ್ 6, ಭಾನುವಾರ
ಎರಡು ವಾರದಿಂದ ನಡಿಗೆ ಇಲ್ಲ, ಜ್ವರ ಎಂದು ಗ್ರೂಪಿಗೆ ಸುಳ್ಳು ಮೆಸೇಜ್. ಇವತ್ತು ಹೇಳಿಬಿಡಬೇಕೆಂದೇ ಬಾಯವ್ವನ ಹತ್ತಿರ ಹೋದೆ. ನಾಯಿ ಇಲ್ಲ. ನೇಸರಗಿಯ ತಮ್ಮನ ಮನೆಗೆ ಸಾಗಹಾಕಿದ್ದಾಳೆ. ಆರು ವರ್ಷ ಸಾಕಿದ್ದು. ಅಲ್ಲಿ ಅನ್ನ ಮುಟ್ಟುತ್ತಿಲ್ಲವಂತೆ.
"ಮನಸ್ಸ ಬರ್ಲಿಲ್ರಿ. ಆದ್ರ ಸಾಲಿ ಕಲಿಸಾವ್ರು ಹೇಳಿದ ಮ್ಯಾಲ ಸುಳ್ಳ ಇರತೈತೇನ್ರಿ?"
ಬಿಸಿ ರೊಟ್ಟಿ ಕೊಟ್ಟಳು. ಎರಡು ತಿಂದೆ. ಬಾಯಿ ಬಿಟ್ಟದ್ದು ಅದಕ್ಕಷ್ಟೇ. ನಾಚಿಕೆಗೇಡಿ ನಾನು.

ಏಪ್ರಿಲ್ 7, ಬೆಳಿಗ್ಗೆ 5.20
ಮೊದಲ ಬಸ್ಸಿಗೆ ನೇಸರಗಿ. ನಾಯಿ ಕರೆತರುತ್ತೇನೆ, ಆಮೇಲೆ ಅವಳ ಹೊಲ. ಹೇಳುವುದನ್ನು ಇಲ್ಲೇ ಬರೆದುಕೊಂಡರೆ ಅಲ್ಲಿ ನಾಲಿಗೆ ತಪ್ಪಿಸಿಕೊಳ್ಳಲಾರದು.
ಬಾಯವ್ವಾ, ನಾಯಿ ಅಲ್ಲ. ಅವತ್ತ ಮಂದಿ ಕರಕೊಂಡ ಬಂದಿದ್ದೆ. ಹಿಂದ ಹಿಂದ ನಡಿಯೂಮುಂದ ನನ್ನ ಚಪ್ಪಲಿ ಕೆಳಗ ನಾಲ್ಕೂ ಒಡದ್ವು. ನಾಯಿ ಮ್ಯಾಲ ಹಾಕಿದಾಕಿ ನಾನ.